ಯಾರ ಕಿವಿಗೂ ಬೀಳದ ವಾಕಿಟಾಕಿ

ಗುಟ್ಟಿನ ವಾಕಿಟಾಕಿ ತಯಾರಿಸುವ ಕಂಪನಿಯ ಮುಖ್ಯ ಎಂಜಿನಿಯರ್ ಅವರ ಸನ್ನಿಧಿಗೆ,

ಮಾನ್ಯರೇ,

ತಾವೂ ತಮ್ಮ ಪ್ರಯೋಗಾಲಯವೂ ಕುಶಲವೆಂದು ನಂಬಿ, ಪೊಲೀಸ್ ಪೇದೆಯೊಬ್ಬರ ಹೆಂಡತಿಯಾದ ನಾನು ಮಾಡುವ ನಮಸ್ಕಾರಗಳು. ಪೊಲೀಸರ ಮಾತು ಕಳ್ಳರ ಕಿವಿಗೆ ಬೀಳಬಾರದೆಂದು ತಾವು ವರ್ಷಗಟ್ಟಲೆ ನಿದ್ದೆಗೆಟ್ಟು, ಆಡಿದ್ದನ್ನೆಲ್ಲ ಗೂಢಸಂಕೇತವಾಗಿಸಿ ಕಳಿಸುವ ವಾಕಿಟಾಕಿಯನ್ನು ರೂಪಿಸಿದ್ದೀರಿ. ಅದು ಎಷ್ಟು ಯಶಸ್ವಿಯಾಗಿದೆಯೆಂದರೆ ಈಗ ಪೊಲೀಸರ ಮಾತು ಪೊಲೀಸರ ಕಿವಿಗೂ ಬೀಳುತ್ತಿಲ್ಲ.

ಪ್ರತಿ ತಿಂಗಳೂ ಎಲ್ಲ ಸೆಟ್ಟುಗಳಿಗೆ ಹೊಸ ಸಂಕೇತ ತುಂಬಬೇಕು, ತುಂಬದ ಸೆಟ್ಟಿಗೆ ಉಳಿದವರ ಮಾತು ಬರೀ ಗೊರಗೊರ ಎಂದು ಕೇಳಿಸುತ್ತದೆ ಎಂಬುದು ತಮ್ಮದೇ ಏರ್ಪಾಡು. ನಮ್ಮ ಠಾಣೆಯ ಸೆಟ್ಟುಗಳಿಗೆ ಸಂಕೇತ ತುಂಬಿದ ತಮ್ಮ ನೌಕರರು, ಪಕ್ಕದ ಠಾಣೆಯದನ್ನು ಊಟವಾದ ಮೇಲೆ ನೋಡೋಣವೆಂದು ಹೋದವರು ಇನ್ನೂ ಉಣ್ಣುತ್ತಲೇ ಇದ್ದಾರೆ. ಈ ನಡುವೆ ನಮ್ಮ ಮನೆಯವರು ಬಸ್ ನಿಲ್ದಾಣದಲ್ಲಿ ಜೇಬುಗಳ್ಳರನ್ನು ಅಟ್ಟಿಸಿಕೊಂಡು ಹೋಗಿ, ಗೋಡೆಯ ಮೂಲೆಯಲ್ಲಿ ಅವರ ಕೈಗೇ ಸಿಕ್ಕಿಬಿದ್ದು, ಗುಂಡಿ ಒತ್ತಿ "ಬೇಗ ಬನ್ರಪ್ಪಾ, ಒಬ್ನೇ ಇದೀನಿ" ಎಂದರಂತೆ. ನಮ್ಮ ಠಾಣೆಯವರು ಕೇಳಿಸಿಕೊಂಡು ಹೊರಟರೂ ಅವರಿದ್ದದ್ದು ಊರಿನ ಆಚೆ ತುದಿಯಲ್ಲಿ. ರಸ್ತೆ ದಾಟಿದರೆ ಸಿಗುವ ಆ ಪಕ್ಕದ ಠಾಣೆಯ ಸಾಹೇಬರು ಗೊರಗೊರ ತಾಳಲಾರದೆ "ಈ ಹಾಳಾದ್ದನ್ನ ಆಫ್ ಮಾಡ್ರೋ" ಎಂದರಂತೆ. ಕೊನೆಗೆ ಹಣ್ಣಿನ ಗಾಡಿಯವನು ಓಡಿಹೋಗಿ "ನಿಮ್ಮೋರನ್ನೇ ಹೊಡೀತಿದಾರೆ, ಬನ್ನಿ ಸಾರ್" ಎಂದಾಗ ನೆರವು ಬಂತು. ಅಷ್ಟರಲ್ಲಿ ಮನೆಯವರ ಬಲಗೈ ಮುರಿದಿತ್ತು. ಗುಟ್ಟು ಮಾತ್ರ ಚೂರೂ ಹೊರಬಿದ್ದಿರಲಿಲ್ಲ, ಅಭಿನಂದನೆಗಳು.

ಆಸ್ಪತ್ರೆಯಲ್ಲಿ ಅವರನ್ನು ನೋಡಿದಾಗ ನನ್ನ ಜೀವ ಬಾಯಿಗೆ ಬಂದಿತ್ತು. ಸಿಟ್ಟು ಬಂದದ್ದು ಆಮೇಲೆ. ತಮಗೆ ಅದು ಸಂಶೋಧನೆ, ನಮಗೆ ಪ್ರಾಣಸಂಕಟ. ಆದರೂ ತಮ್ಮ ಪ್ರತಿಭೆಯನ್ನು ಹಾಳುಗೆಡವಬಾರದೆಂದು ಕೆಲವು ವಿನಂತಿಗಳಿವೆ. ನಮ್ಮ ಅತ್ತೆಯವರಿಗೂ ನಾದಿನಿಗೂ ಒಂದೊಂದು ಸೆಟ್ಟು ಮಂಜೂರು ಮಾಡಿದರೆ, ಅತ್ತೆಯವರು ನನ್ನ ಬಗ್ಗೆ ನಾದಿನಿಗೆ ಹೇಳುವುದೆಲ್ಲ ಅಲ್ಲಿಗೆ ಗೊರಗೊರ ಎಂದೇ ತಲುಪಿ ಮನೆಯಲ್ಲಿ ಶಾಂತಿ ನೆಲೆಸೀತು. ಉಳಿದ ಸೆಟ್ಟುಗಳನ್ನು ದಯವಿಟ್ಟು ಊರಿನ ಕಳ್ಳರಿಗೆ ಉಚಿತವಾಗಿ ಹಂಚಿ; ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ಆ ಕಸುಬು ತಾನಾಗಿಯೇ ಮುಚ್ಚಿಹೋಗುತ್ತದೆ. ಬಿಡುವಾದಾಗ ತಾವೂ ಒಮ್ಮೆ ಆ ಗೋಡೆಯ ಮೂಲೆಯಲ್ಲಿ ನಿಂತು, ಎದುರಿಗೆ ನಾಲ್ಕು ಜನರನ್ನು ನಿಲ್ಲಿಸಿಕೊಂಡು, ತಮ್ಮ ಸೆಟ್ಟಿನಲ್ಲಿ ಸಹಾಯ ಕೇಳಿ ನೋಡಬೇಕಾಗಿ ಪ್ರಾರ್ಥನೆ.

ಎಲ್ಲರಿಗೂ ಅರ್ಥವಾಗುವ ಭಾಷೆಯಲ್ಲಿ,
ತಮ್ಮ ವಿಶ್ವಾಸಿ,
ಪೇದೆಯ ಹೆಂಡತಿ

ತಾ.ಕ.: ಮುರಿದ ಕೈ ಕೂಡಿಕೊಂಡಿದೆ, ಮನೆಯವರು ನಾಳೆ ಮತ್ತೆ ಕೆಲಸಕ್ಕೆ ಹೋಗುತ್ತಾರೆ. ಸೊಂಟದಲ್ಲಿ ತಮ್ಮ ಸೆಟ್ಟು ಇದ್ದೇ ಇರುತ್ತದೆ, ಅದು ಸರ್ಕಾರದ ಆಜ್ಞೆ. ಕೊರಳಿಗೆ ನಾನೊಂದು ಸೀಟಿ ಕಟ್ಟಿದ್ದೇನೆ. ಅದರಲ್ಲಿ ಗುಟ್ಟೇನೂ ಇಲ್ಲ. ಊದಿದರೆ ಯಾರಾದರೂ ಬರುತ್ತಾರೆ.