ಹದಿಮೂರನೆಯ ಮೆಟ್ಟಿಲಿನಿಂದ ಐದು ಕಳೆದರೆ

ಮುಂಬಯಿ ಪಕ್ಕದ ನಮ್ಮ ಡೊಂಬಿವಲಿಯ ಕಟ್ಟಡದಲ್ಲಿ ಲಿಫ್ಟ್ ಕೆಟ್ಟಿದೆಯೆಂದು ಸುದ್ದಿ ಹಬ್ಬಿಸಿದವಳು ನನ್ನ ತಂಗಿ. ಬಾಯಿಂದಲ್ಲ, ಕಾಲಿಂದ! ಅರವತ್ತೆಂಟರ ಹೆಂಗಸು ಸಂಜೆಯೆಲ್ಲ ಮೆಟ್ಟಿಲು ಹತ್ತಿ ಇಳಿಯುತ್ತಿದ್ದರೆ ಜನ ಬೇರೇನು ತಿಳಿದಾರು?

"ಆಜಿ, ಲಿಫ್ಟ್ ಚಾಲೂ ಆಹೇ!" ಎಂದ ವಾಚ್‌ಮನ್ ಮರಾಠಿಯಲ್ಲಿ, ಲಿಫ್ಟ್ ಸರಿಯಾಗಿಯೇ ಇದೆಯೆಂದು.

"ಇರ್ಲಿ ಮಾರಾಯ. ಲಿಫ್ಟಲ್ಲಿ ಏಳರಿಂದ ಮೂರು ಕಳೀಲಿಕ್ಕೆ ಆಗ್ತದಾ?" ಎಂದಳು ಇವಳು, ಕನ್ನಡದಲ್ಲೇ.

ಕಳೆಯಬೇಕಾದವಳು ನನ್ನ ಮೊಮ್ಮಗಳು. ಎಂಟು ವರ್ಷ. ಕಥೆಪುಸ್ತಕ ಸರಾಗವಾಗಿ ಓದುತ್ತಾಳೆ. ಏಳು ದೊಡ್ಡದೋ ಮೂರು ದೊಡ್ಡದೋ ಎಂದರೆ ಮುಖ ಬಿಳಿಚಿಕೊಳ್ಳುತ್ತದೆ. ಇದು ಡಿಸ್ಕ್ಯಾಲ್ಕುಲಿಯಾ, ಅಂಕಿ ತಲೆಗೆ ಹತ್ತದ ತೊಂದರೆ, ಸೋಮಾರಿತನವಲ್ಲ ಎಂದು ಥಾಣೆ ನಗರದ ತಜ್ಞೆಯೊಬ್ಬರು ಹೇಳಿದರು. ನಾನು ಒಪ್ಪಬೇಕಲ್ಲ! ನನ್ನ ಔಷಧಿ ಸಿದ್ಧವಿತ್ತು: ಬೆಳಿಗ್ಗೆ ಆರಕ್ಕೆ ಸ್ನಾನ, ಆರೂಕಾಲಿಗೆ ಮಗ್ಗಿ. ಎರಡು ವರ್ಷ ಒಂದು ದಿನವೂ ತಪ್ಪಿಸಲಿಲ್ಲ. ಫಲ? ಗಣಿತದ ಪಿರಿಯಡ್ ಇರುವ ದಿನ ಮಗುವಿಗೆ ವಾಂತಿ. ಕೊನೆಗೊಂದು ದಿನ, "ಮೈ ಡಫ್ಫರ್ ಹೂಂ, ಸ್ಕೂಲ್ ನಹೀ ಜಾವೂಂಗೀ" ಎಂದಳು ತನ್ನ ಹಿಂದಿಯಲ್ಲಿ. ತಾನು ದಡ್ಡಿ, ಇನ್ನು ಶಾಲೆಗೆ ಹೋಗೆನೆಂದು ಮಂಚದಡಿ ಸೇರಿಬಿಟ್ಟಳು.

ಅವಳನ್ನು ಹೊರಗೆ ಕರೆತಂದವಳು ಮೂರನೆಯ ಮಹಡಿಯ ಈ ತಂಗಿ. ಕೈಯಲ್ಲಿ ಸೀಮೆಸುಣ್ಣ! ಮಗುವಿನಿಂದಲೇ ಒಂದೊಂದು ಮೆಟ್ಟಿಲಿಗೂ ಅಂಕಿ ಬರೆಸಿದಳು. ಕೂಡುವುದೆಂದರೆ ಹತ್ತುವುದು, ಕಳೆಯುವುದೆಂದರೆ ಇಳಿಯುವುದು. ಮೆಟ್ಟಿಲು ಕೊಳೆಯಾಯಿತೆಂದು ಕಟ್ಟಡದ ಸೊಸೈಟಿಯ ಸೆಕ್ರೆಟರಿ ನೋಟಿಸ್ ಹಚ್ಚಿದರೆ, "ಇದು ರಂಗೋಲಿ" ಎಂದಳು. ರಂಗೋಲಿ ಅಳಿಸುವ ಧೈರ್ಯ ಯಾವ ಸೆಕ್ರೆಟರಿಗಿದೆ?

ನಾನೂ ತಪಾಸಣೆಗೆ ಹೋದೆ.

"ಒಂದು ಲೆಕ್ಕಕ್ಕೆ ಇಪ್ಪತ್ತು ನಿಮಿಷವಾ?"

"ನಿನ್ನ ಮಗ್ಗಿಗೆ ಎರಡು ವರ್ಷ ಆಯ್ತಲ್ಲ ಅಣ್ಣ, ಎಂತ ಬಂತು?"

ವಾಂತಿ ಬಂತು ಎನ್ನಲಾಗುತ್ತದೆಯೇ?

ತಿಂಗಳಾಯಿತು. ಮಗು ಮೆಟ್ಟಿಲ ಮೇಲೆ ನಗುತ್ತಿತ್ತು, ಶಾಲೆಯ ಹೆಸರು ಮಾತ್ರ ಎತ್ತುತ್ತಿರಲಿಲ್ಲ. ಒಂದು ಸಂಜೆ ತಂಗಿಗೆ ಮಂಡಿನೋವು. ನನ್ನನ್ನು ಅಲ್ಲಿ ನಿಲ್ಲಿಸಿ ಹೋದಳು.

"ಅಜ್ಜ, ತೇರಾ ಮೇಂ ಸೇ ಪಾಂಚ್ ಮೈನಸ್. ಉತರೋ!" ಎಂದಳು ಮೊಮ್ಮಗಳು.

ಹದಿಮೂರರ ಮೇಲೆ ನಿಂತು ಐದು ಮೆಟ್ಟಿಲು ಇಳಿಯತೊಡಗಿದೆ. ಕೆಳಗಿನಿಂದ ಕಾಯಿಪಲ್ಲೆ ಚೀಲ ಹೊತ್ತವರೊಬ್ಬರು, "ನಮಸ್ಕಾರ್ ಕಾಕಾ" ಎಂದರು. ನಮಸ್ಕರಿಸಿದೆ. ಇಳಿದದ್ದು ನಾಲ್ಕೋ ಐದೋ? ಎಷ್ಟೋ ಜನರ ಕಾಲಡಿ ಸಿಕ್ಕಿ ನಾನು ನಿಂತ ಮೆಟ್ಟಿಲಿನ ಅಂಕಿ ಅಳಿಸಿಹೋಗಿತ್ತು. ಮಗ್ಗಿಯ ಮಹಾಶಯ ಮೆಟ್ಟಿಲ ನಡುವೆ ಕಂಬದಂತೆ ನಿಂತ!

ಅವಳು ಇಳಿದು ಬಂದು ನನ್ನ ಬೆರಳು ಹಿಡಿದಳು.

"ಹೋತಾ ಹೈ, ಅಜ್ಜ. ಫಿರ್ ಸೇ ಕರ್ತೇ ಹೈಂ. ಜಲ್ದಿ ನಹೀ ಹೈ."

ಹೀಗಾಗುತ್ತದೆ, ಮತ್ತೆ ಮಾಡೋಣ, ಅವಸರವಿಲ್ಲ: ಎರಡು ವರ್ಷದಲ್ಲಿ ನಾನು ಅವಳಿಗೆ ಒಮ್ಮೆಯೂ ಹೇಳದ ಮಾತು. ಇಬ್ಬರೂ ಮತ್ತೆ ಮೇಲೆ ಹತ್ತತೊಡಗಿದೆವು. ಹದಿಮೂರು ತಲುಪುವ ಮೊದಲೇ ಅವಳು ಮೆಲ್ಲಗೆ ಕೇಳಿದಳು:

"ಕಲ್ ಮುಝೇ ಸ್ಕೂಲ್ ತಕ್ ಛೋಡ್ನೇ ಆವೋಗೇ?"

ನಾಳೆ ಶಾಲೆಗೆ ಬಿಡಲು ನಾನು ಬರಬೇಕಂತೆ!