ದ್ರಾಕ್ಷಿ ಬಂಡಿಯಲ್ಲಿ ಅತ್ತೆ

ಹೆಂಡತಿ ಇನೆಸ್ ಬಾಣಂತಿ ಮಗಳ ಆರೈಕೆಗೆಂದು ವಾರ ಮೊದಲೇ ಬೀಗರ ಊರಿಗೆ ಹೋಗಿ ಕೂತಿದ್ದಳು. ತನ್ನ ತಾಯಿಯನ್ನು ಕರೆತರುವ ಮಹಾಭಾಗ್ಯವನ್ನು ಗಂಡ ಗಿಲ್ಡೊನಿಗೆ ಬಿಟ್ಟುಕೊಟ್ಟಿದ್ದಳು. ಆ ಭಾಗ್ಯ ಈಗ ಕಪ್ಪು ರೇಷ್ಮೆ ಉಡುಪು ತೊಟ್ಟು, ಊರುಗೋಲು ಹಿಡಿದು, ಗುಡ್ಡ ಹತ್ತುವ ಮೆಟ್ಟಿಲುಗಳ ಬುಡದಲ್ಲಿ ನಿಂತಿತ್ತು.

ಗಿಲ್ಡೊ ತಲೆಯೆತ್ತಿ ನೋಡಿದ. ಬೀಗರ ಊರು ಮೋಡಕ್ಕೆ ಆತುಕೊಂಡ ಹಾಗಿತ್ತು. ಕಡಲಂಚಿನ ಆ ಹಳ್ಳಿಗಳೆಲ್ಲ ಹಾಗೇ. ರೈಲು ನೀರಿನ ಮಟ್ಟದಲ್ಲಿ ಇಳಿಸಿ ಕೈ ತೊಳೆದುಕೊಳ್ಳುತ್ತದೆ, ಅಲ್ಲಿಂದ ಮೇಲಿನದು ನಮ್ಮ ಮಂಡಿಗೂ ದೇವರಿಗೂ ಬಿಟ್ಟ ವ್ಯವಹಾರ. ಅತ್ತೆ ಕೊಲೊಂಬಾಳ ಮಂಡಿಗಳು ಆ ವ್ಯವಹಾರದಿಂದ ನಿವೃತ್ತಿ ಪಡೆದು ಬಹಳ ಕಾಲವಾಗಿತ್ತು.

ಮೇಲೆ ಇಗರ್ಜಿಯಲ್ಲಿ ಗಿಲ್ಡೊನ ಮೊಮ್ಮಗಳಿಗೆ ಜ್ಞಾನಸ್ನಾನ. ಆ ಊರಿನ ಕ್ರಮವೆಂದರೆ, ಮನೆಯಲ್ಲಿ ಯಾರಾದರೂ ಆಗಷ್ಟೇ ತೀರಿಕೊಂಡಿದ್ದರೆ ಮಗುವಿಗೆ ಅವರ ಹೆಸರು. ಇಲ್ಲದಿದ್ದರೆ ಮಗುವನ್ನು ಎತ್ತಿ ಹಿಡಿದವರು ತಮ್ಮ ಹೆಸರನ್ನೇ ಇಡಬಹುದು. ಎತ್ತಿ ಹಿಡಿಯುವ ಹಕ್ಕು ಹಿರಿಯಳಾದ ಕೊಲೊಂಬಾಳದು. ಆದರೆ ಗಂಟೆ ನಿಲ್ಲುವುದರೊಳಗೆ ಅವಳು ಒಳಗಿರಬೇಕು, ತಪ್ಪಿದರೆ ಹಕ್ಕು ಬೀಗಿತ್ತಿ ಆರ್ಜಿಯಾಳಿಗೆ. ಆರ್ಜಿಯಾಳ ಮನೆಯೋ ಇಗರ್ಜಿಯ ಗೋಡೆಗೇ ಅಂಟಿಕೊಂಡಿದೆ.

"ಆ ಹೆಂಗಸು ಬೆಳಗ್ಗಿನಿಂದ ತೋಳು ಮಡಚಿ ಕಾದಿರ್ತಾಳೆ," ಎಂದಳು ಅತ್ತೆ. "ನನ್ನ ಮರಿಮಗಳು ಆರ್ಜಿಯಾ ಅಂತ ಕರೆಸ್ಕೊಂಡ್ರೆ ನಾನು ಸತ್ತಮೇಲೂ ನಿನ್ನ ಸುಮ್ನೆ ಬಿಡೋದಿಲ್ಲ, ಗಿಲ್ಡೊ."

"ಬದುಕಿದ್ದಾಗ ಬಿಟ್ಟಿದ್ದು ಯಾವಾಗ ಅತ್ತೆ?" ಎಂದು ಗಿಲ್ಡೊ ದಿಟ್ಟವಾಗಿ ಕೇಳಿದ (ಮನಸ್ಸಿನಲ್ಲಿ). ಬಾಯಲ್ಲಿ ಹೇಳಿದ್ದು, "ಕುರ್ಚಿಯಲ್ಲಿ ಕೂತ್ಕೊಳ್ಳಿ, ನಾಲ್ಕು ಜನ ಗಂಡಸರನ್ನ ಕರೀತೀನಿ. ಎತ್ಕೊಂಡು ಹೋಗ್ತಾರೆ."

ಅತ್ತೆ ಊರುಗೋಲನ್ನು ಕಲ್ಲಿಗೆ ಕುಟ್ಟಿದಳು. "ಈ ಮೆಟ್ಟಿಲ ಮೇಲೆ ನಾಲ್ಕು ಜನರ ಹೆಗಲೇರಿ ಹೋಗೋದು ಸಂತರ ವಿಗ್ರಹ, ಇಲ್ಲಾ ಹೆಣ. ನಾನು ನಿನ್ನ ಕಣ್ಣಿಗೆ ಯಾವುದರ ಥರ ಕಾಣ್ತೀನಿ?"

ಎರಡರಲ್ಲಿ ಯಾವ ಉತ್ತರ ಕೊಟ್ಟರೂ ತನಗೆ ಉಳಿಗಾಲವಿಲ್ಲವೆಂದು ಗಿಲ್ಡೊ ಗುಡ್ಡದ ಕಡೆ ಮುಖ ತಿರುಗಿಸಿದ. ಆಗ ಅವನಿಗೆ ಆ ಅಮೋಘ ಉಪಾಯ ಹೊಳೆಯಿತು.

ದ್ರಾಕ್ಷಿ ಕೊಯ್ಲಿನ ಕಾಲ. ಗುಡ್ಡದ ಮೇಲಿನ ತೋಟಗಳಿಂದ ದ್ರಾಕ್ಷಿ ಇಳಿಸಲು ಒಂದೇ ಕಂಬಿಯ ಮೇಲೆ ಹಲ್ಲು ಕಚ್ಚಿಕೊಂಡು ಹತ್ತಿಳಿಯುವ ಪುಟ್ಟ ಬಂಡಿಯೊಂದಿತ್ತು. ಅದನ್ನು ನಡೆಸುವ ಡೆಲ್ಮೊ ಖಾಲಿ ಪೆಟ್ಟಿಗೆಗಳೊಂದಿಗೆ ಮೇಲೆ ಹೊರಟಿದ್ದ. ಮುಂದಿನ ಪೆಟ್ಟಿಗೆಯಲ್ಲಿ ಅತ್ತೆ ಸಿಂಹಾಸನವೇರಿದಂತೆ ಕೂತಳು. ಹಿಂದಿನದರಲ್ಲಿ ಗಿಲ್ಡೊ, ಎದೆಗೆ ಕೇಕಿನ ಡಬ್ಬಿ ಅವಚಿಕೊಂಡು.

ಅರ್ಧ ಗುಡ್ಡ ಏರಿದ ಮೇಲೆ ಬಂಡಿ ಎರಡು ಸಲ ಕೆಮ್ಮಿ ನಿಂತಿತು. ಗಿಲ್ಡೊ ಕೆಳಗೆ ನೋಡಿದ. ಅವನ ಬೂಟಿಗೂ ಸಮುದ್ರಕ್ಕೂ ನಡುವೆ ಗಾಳಿ ಬಿಟ್ಟರೆ ಇನ್ನೇನೂ ಇರಲಿಲ್ಲ. ಅದೇ ಹೊತ್ತಿಗೆ ಮೇಲೆ ಗಂಟೆ ಶುರುವಾಯಿತು.

"ಏನಾಯ್ತು ಡೆಲ್ಮೊ?"

"ಉಸಿರು ತಗೊಳ್ತಾ ಇದೆ. ಯಾವಾಗಲೂ ಇಲ್ಲೇ ತಗೊಳ್ಳುತ್ತೆ."

"ಎಷ್ಟು ಹೊತ್ತು ತಗೊಳ್ಳುತ್ತೆ?"

"ಅದರ ಮನಸ್ಸು."

ಗಿಲ್ಡೊ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡ. "ಅತ್ತೆ, ಕೆಳಗೆ ಮಾತ್ರ ನೋಡ್ಬೇಡಿ."

"ಆಗಲೇ ನೋಡ್ತಾ ಇದೀನಿ. ಯಾವಳೋ ಚಾದರ ಒಣಗೋಕೆ ಹಾಕಿ ಒಂದು ಕ್ಲಿಪ್ಪೂ ಸಿಕ್ಕಿಸಿಲ್ಲ. ಕೇಕು ಓರೆಯಾಗ್ತಿದೆ, ನೆಟ್ಟಗೆ ಹಿಡಿ."

ಗಂಟೆ ಬಡಿಯುತ್ತಲೇ ಇತ್ತು. ಒಂದೊಂದು ಬಡಿತಕ್ಕೂ ಮಗು ಒಂದಿಷ್ಟು ಆರ್ಜಿಯಾ ಆಗುತ್ತಿದೆಯೆಂದು ಅತ್ತೆಗೆ ಅನಿಸಿರಬೇಕು. ಮುಂದಕ್ಕೆ ಬಾಗಿ, ಅಳಿಯನಿಗೆಂದು ಮೀಸಲಿಟ್ಟಿದ್ದ ಕೋಪವನ್ನೆಲ್ಲ ಸೇರಿಸಿ, ಊರುಗೋಲಿನಿಂದ ಎಂಜಿನ್ನಿಗೆ ಒಂದು ಬಾರಿಸಿದಳು. ಅದು ಬೆಚ್ಚಿಬಿದ್ದು ಹೊರಟಿತು.

ತುದಿ ಮುಟ್ಟಿದಾಗ ಗಂಟೆ ಇನ್ನೂ ನಿಂತಿರಲಿಲ್ಲ. ಅತ್ತೆ ಡೆಲ್ಮೊನ ಭುಜ ಹಿಡಿದು ಇಳಿದು, ದ್ರಾಕ್ಷಿ ಪೆಟ್ಟಿಗೆಯ ಸಿಹಿಗೆ ಬಂದು ಉಡುಪಿನ ಮೇಲೆ ಕೂತಿದ್ದ ಕಣಜದ ಹುಳುಗಳನ್ನು ಕೊಡವಿ, ಮಟ್ಟಸ ದಾರಿಯಲ್ಲಿ ಇಗರ್ಜಿಯ ಕಡೆ ಹೊರಟೇಬಿಟ್ಟಳು. ಹಿಂದಿರುಗಿ ಒಂದು ಸಲ ನೋಡಿದಳು. ಅಳಿಯ ಸುಣ್ಣದಂತೆ ಬಿಳಿಚಿಕೊಂಡು, ಬಾಯಿ ತೆರೆದು, ಎರಡು ಕೈಯನ್ನೂ ಎದೆಯ ಮೇಲಿಟ್ಟು ಒರಗಿದ್ದ. "ನಾಟಕ ಮುಗಿಸಿ ಬೇಗ ಬಾ," ಎಂದು ನಡೆದಳು.

ನಾಟಕವಾಗಿರಲಿಲ್ಲ. ಗಿಲ್ಡೊನ ಕಾಲುಗಳು ಅವನ ಮಾತು ಕೇಳುವುದನ್ನೇ ಬಿಟ್ಟಿದ್ದವು. ಡೆಲ್ಮೊ ಮತ್ತು ದ್ರಾಕ್ಷಿ ಕೀಳುವ ಮೂವರು ಎಷ್ಟು ಎಳೆದರೂ ಅವನು ಪೆಟ್ಟಿಗೆ ಬಿಡಲಿಲ್ಲ. ಕೊನೆಗೆ ಪೆಟ್ಟಿಗೆ ಸಮೇತ ಹೆಗಲಿಗೇರಿಸಿಕೊಂಡು ಹೊರಟರು.

ಬೀದಿಯಲ್ಲಿ ಮುದುಕರು ಎದ್ದು ನಿಂತು ಟೋಪಿ ತೆಗೆದರು. ಹೆಂಗಸರು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ಅರೆಗಣ್ಣು ತೆರೆದ ಗಿಲ್ಡೊನಿಗೆ, ಬೀಗರ ಊರಿನಲ್ಲಿ ತನಗೆ ಇಷ್ಟೊಂದು ಮರ್ಯಾದೆ ಇದೆಯೆಂದು ಇದುವರೆಗೆ ಗೊತ್ತಿರಲಿಲ್ಲ. ಗಾಂಭೀರ್ಯಕ್ಕೆ ಭಂಗ ಬಾರದಿರಲೆಂದು ಮತ್ತೆ ಕಣ್ಣು ಮುಚ್ಚಿದ.

"ಯಾರಪ್ಪಾ?" ಎಂದು ಒಬ್ಬಳು ಮೆಲ್ಲಗೆ ಕೇಳಿದಳು.

"ಗಿಲ್ಡೊ," ಎಂದ ಡೆಲ್ಮೊ. ಏದುಸಿರಿನಲ್ಲಿ ಅವನಿಗೆ ಅಷ್ಟೇ ಹೇಳಲಾಯಿತು. ಅವಳು ಸೆರಗಿಲ್ಲದ ಊರಿನಲ್ಲಿ ಏಪ್ರನ್ನಿನಿಂದಲೇ ಕಣ್ಣೊರೆಸಿಕೊಂಡು ಇಗರ್ಜಿಗೆ ಓಡಿದಳು.

ಒಳಗೆ ನಡೆದದ್ದನ್ನು ಇನೆಸ್ ಆಮೇಲೆ ಗಂಡನಿಗೆ ಹೇಳಿದಳು (ಈಗಲೂ ಹೇಳುತ್ತಿರುತ್ತಾಳೆ). ಗಂಟೆಯ ಕೊನೆಯ ಬಡಿತಕ್ಕೆ ಕೊಲೊಂಬಾ ಒಳಗೆ ಕಾಲಿಟ್ಟಳಂತೆ. "ಕೊಡಿಲ್ಲಿ," ಎಂದು ಆರ್ಜಿಯಾಳ ತೋಳಿನಿಂದ ಮಗುವನ್ನು ತೆಗೆದುಕೊಂಡಳಂತೆ. ಪಾದ್ರಿಗಳು, "ಏನು ಹೆಸರು?" ಎಂದು ಕೇಳುವುದಕ್ಕೂ ಆ ಏಪ್ರನ್ನಿನ ಹೆಂಗಸು ಓಡಿಬಂದು ಕೊಲೊಂಬಾಳೊಬ್ಬಳ ಕಿವಿಯಲ್ಲಿ, "ನಿಮ್ಮ ಅಳಿಯ. ನಾಲ್ಕು ಜನರ ಹೆಗಲ ಮೇಲೆ. ಕಣ್ಣಾರೆ ಕಂಡೆ," ಎನ್ನುವುದಕ್ಕೂ ಸರಿಹೋಯಿತು.

ಕೊಲೊಂಬಾ ಮಗಳು ಇನೆಸ್ ಕಡೆ ನೋಡಿದಳು. ಪಾಪ, ಅವಳಿಗಿನ್ನೂ ಏನೂ ಗೊತ್ತಿಲ್ಲದೆ ನಗುತ್ತಿದ್ದಳು. ಅಷ್ಟು ದೂರ ದ್ರಾಕ್ಷಿಯ ಹಾಗೆ ಬಂದದ್ದು ಯಾವ ಹೆಸರಿಗಾಗಿಯೋ, ಅದನ್ನು ಕೊಲೊಂಬಾ ಗಂಟಲಲ್ಲೇ ನುಂಗಿಕೊಂಡಳು.

"ಗಿಲ್ಡಾ," ಎಂದಳು.

ಪಾದ್ರಿಗಳು ಮಗುವಿನ ತಲೆಗೆ ನೀರು ಹೊಯ್ದರು. ಬಾಗಿಲು ತೆರೆಯಿತು. ನಾಲ್ವರು ಪೆಟ್ಟಿಗೆ ಇಳಿಸಿದರು. ನೆಲ ತಾಗಿದ ಧೈರ್ಯಕ್ಕೆ ಗಿಲ್ಡೊ ಎದ್ದು ಕೂತ.

"ಅತ್ತೆ," ಎಂದ, ಡಬ್ಬಿ ಮುಂದೆ ಚಾಚಿ, "ಕೇಕು ನೆಟ್ಟಗಿದೆ."

ಕೊಲೊಂಬಾಳ ಕಣ್ಣಲ್ಲಿದ್ದ ನೀರು ಅಲ್ಲೇ ಆರಿಹೋಯಿತು.

"ಪಾದ್ರಿಗಳೇ, ಹೆಸರು ಬದಲಾಯಿಸೋಕಾಗುತ್ತಾ?"

"ನೀರು ಹಾಕಿ ಆಯ್ತಲ್ಲಮ್ಮ."

ಅವಳು ಅಳಿಯನನ್ನು ತಲೆಯಿಂದ ಪಾದದವರೆಗೆ ಅಳೆದಳು.

"ಮದುವೆಯಾದಾಗಿನಿಂದ ನೋಡ್ತಾ ಇದೀನಿ," ಎಂದಳು. "ಶುರು ಮಾಡಿದ ಒಂದು ಕೆಲಸಾನೂ ಪೂರ್ತಿ ಮುಗಿಸಲಿಲ್ಲ ನೀನು."