ಚೌಕಳಿ ಸೀರೆಯ ಮೇಲೊಂದು ವೃತ್ತ

ತೆಲುಗು ನಾಡಿನ ಗಡಿಯ ಮಕ್ತಲ್‌ನ ಕನ್ನಡ ಹೈಸ್ಕೂಲಿನಲ್ಲಿ ನಾನು ಗಣಿತದ ಮಾಸ್ತರ. ಗಣಿತ ಕಲಿಸುವವನಿಗೆ ಬುದ್ಧಿ ಕಡಿಮೆ ಎಂದು ಈವರೆಗೆ ಯಾರೂ ಅಂದಿರಲಿಲ್ಲ. ನಾರಾಯಣಪೇಟೆಯ ಶಿಕ್ಷಕರ ತರಬೇತಿಗೆ ಹೋಗಿ ಬಂದ ಮೇಲೆ ನನ್ನ ಹೆಂಡತಿ ಶರಣಮ್ಮ ಆ ಕೊರತೆಯನ್ನು ನೀಗಿಸಿದ್ದಾಳೆ.

ಪ್ರತಿಯೊಬ್ಬ ಶಿಕ್ಷಕನೂ ಬಿಡಿಗಾಸು ಖರ್ಚಿಲ್ಲದ ಒಂದು ಕಲಿಕೋಪಕರಣ ತರತಕ್ಕದ್ದು ಎಂದು ಆದೇಶವಿತ್ತು. ನನಗದು ನೆನಪಾದದ್ದು ಹೊರಡುವ ಬೆಳಗ್ಗೆ, ಅಂಗಿಯ ಗುಂಡಿ ಹಾಕಿಕೊಳ್ಳುವಾಗ. ಶರಣಮ್ಮ ಪಕ್ಕದ ಮನೆಗೆ ಹೋಗಿದ್ದಳು. ಮಂಚದ ಮೇಲೆ ಅವಳ ಹೊಸ ನಾರಾಯಣಪೇಟೆ ಸೀರೆ ಇತ್ತು. ಮರುದಿನ ಗದ್ವಾಲದಲ್ಲಿ ಅವಳ ಅಕ್ಕನ ಮಗಳ ನಿಶ್ಚಿತಾರ್ಥ. ಅಲ್ಲಿಯ ಬೀಗರೆಲ್ಲ ತಮ್ಮೂರ ಗದ್ವಾಲ ಸೀರೆ ಉಟ್ಟು ಮೆರೆಯುವಾಗ ತಾನೇನು ಕಡಿಮೆಯಲ್ಲ ಎಂದು ತೋರಿಸಲು ಅದನ್ನು ತೆಗೆದಿಟ್ಟಿದ್ದಳು. ಸೀರೆಯ ಮೈತುಂಬ ಚೌಕಳಿ. ಎಂಥ ಗ್ರಾಫ್ ಹಾಳೆ! ಸಂಜೆಯೊಳಗೆ ತಂದು ಇಟ್ಟರಾಯಿತೆಂದು ಸೀರೆಯನ್ನೂ, ಅವಳು ಹಣೆಗೆ ಅಂಟಿಸಿಕೊಳ್ಳುವ ಟಿಕಳಿ ಪಾಕೀಟನ್ನೂ ಚೀಲಕ್ಕೆ ತುರುಕಿ ಬಸ್ಸು ಹತ್ತಿದೆ.

ತರಬೇತಿಯಲ್ಲಿ ಸೀರೆಯ ಸೆರಗಿನ ಕಡೆಯನ್ನು ಕರಿಹಲಗೆಯ ಮೇಲೆ ಹರಡಿ, ಚೌಕಳಿ ಎಣಿಸಿ, ಬಿಂದುವಿಗೊಂದು ಟಿಕಳಿ ಅಂಟಿಸಿದೆ. ಸರಳರೇಖೆ ಸೊಗಸಾಗಿ ಬಂತು. ತರಬೇತಿದಾರರು ತೆಲುಗಿನಲ್ಲಿ ಹೊಗಳಿ, ಎಷ್ಟು ಖರ್ಚಾಯಿತೆಂದು ಕೇಳಿದರು. ನಾನು ಉಬ್ಬಿಹೋದೆ.

"ಮನ್ಯಾಗ ಬಿದ್ದ ಹಳೇ ಅರಿವಿ ರೀ," ಎಂದೆ.

ಹಳೇ ಅರಿವೆ ಎಂದ ಮೇಲೆ ಯಾರಿಗೆ ಯಾವ ಸಂಕೋಚ? ಇನ್ನು ವೃತ್ತ ತೋರಿಸಿ ಎಂದರು. ತೋರಿಸಿದೆ. ಅದು ಗುಂಡಗೆ ಬರದೆ ಉದ್ದಕ್ಕೆ ಬೆಳೆಯಿತು. ಚೌಕಳಿಗಳ ಅಗಲಕ್ಕಿಂತ ಉದ್ದ ಹೆಚ್ಚಿದ್ದದ್ದನ್ನು ಗಣಿತದ ಮಾಸ್ತರನೇ ಗಮನಿಸಿರಲಿಲ್ಲ! ತಪ್ಪು ಎಲ್ಲಿದೆ ಎಂದು ತೋರಿಸಲು ತರಬೇತಿದಾರರು ಮಾರ್ಕರ್ ತೆಗೆದು ಟಿಕಳಿಗಳನ್ನೆಲ್ಲ ಜೋಡಿಸಿಯೇಬಿಟ್ಟರು. ಬೇಡ ಎನ್ನಲು ಬಾಯಿ ತೆರೆದೆ. ಆದರೆ ಹಳೇ ಅರಿವೆ ಎಂದವನೂ ನಾನೇ. ಧನ್ವಾಡದ ಮೇಡಂ ಒಂದು ವ್ಯಾಸ ಎಳೆದರು. ಗುಂಡುಮಾಲ್‌ನ ಮಾಸ್ತರರು ಆ ಗೆರೆಯನ್ನು ವೃತ್ತದಾಚೆಗೂ ಮೇಲಕ್ಕೆ ಇನ್ನಷ್ಟು ಬೆಳೆಸಿದರು. ಎಲ್ಲರೂ ಸೇರಿ ನನಗೆ ಪ್ರಥಮ ಸ್ಥಾನ ಕೊಟ್ಟರು.

ನಾನು ಮನೆ ಮುಟ್ಟುವ ಮೊದಲೇ, ತರಬೇತಿಯಲ್ಲಿ ಯಾರೋ ತೆಗೆದ ಸೀರೆಯ ಫೋಟೊ ವಾಟ್ಸಾಪಿನಲ್ಲಿ ಮನೆಗೆ ಮುಟ್ಟಿತ್ತು. ಶರಣಮ್ಮ ನನ್ನ ಕೈಯ ಚೀಲ ಕಸಿದುಕೊಂಡಳು. ಸೀರೆಯನ್ನು ಉಜ್ಜಿ ತೊಳೆದಳು. ಟಿಕಳಿ ಬಿಟ್ಟವು, ಮಾರ್ಕರ್ ಬಿಡಲಿಲ್ಲ. ಬೇರೆ ಸೀರೆ ಉಡಬಹುದಲ್ಲ ಎಂದು ಮೆಲ್ಲಗೆ ಸೂಚಿಸಿದೆ.

"ಇದನ್ನ ಉಡ್ತೀನಿ. ನೀವು ನನ್ನ ಮಗ್ಗಲಾಗ ನಿಂದ್ರಾಕ ಬರ್ರಿ, ಅಷ್ಟ ಸಾಕು," ಎಂದಳು.

ಗದ್ವಾಲದಲ್ಲಿ ಹೆಂಗಸರ ಕಣ್ಣು ನೆಟ್ಟಗೆ ಅವಳ ಸೆರಗಿಗೆ ಹೋಯಿತು. ಇದೇನೆಂದು ಅಕ್ಕ ಕೇಳಿದರು. ಶರಣಮ್ಮ ಸೆರಗನ್ನು ಮುಚ್ಚಿಕೊಳ್ಳುವುದಿರಲಿ, ಇನ್ನಷ್ಟು ಹರಡಿ ತೋರಿಸಿದಳು.

"ನಮ್ಮ ಮಾಸ್ತರು ಮಾಡಿದ ಡಿಸೈನ್ ಅಕ್ಕಾ. ವೃತ್ತ ಅಂತ ಸುರು ಮಾಡ್ಯಾರ, ತೊಟ್ಟು ಸಮೇತ ಬದನಿಕಾಯಿ ಆಗೈತಿ."

ಮನೆಗೆ ಮನೆಯೇ ನಕ್ಕಿತು. ಅವಳೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅದನ್ನು ಕಂಡು ನನ್ನ ಜೀವ ತಂಪಾಯಿತು. ಆ ದಿನ ಗದ್ವಾಲ ಸೀರೆಗಳನ್ನು ಕೇಳುವವರೇ ಇರಲಿಲ್ಲ.

ಊಟದ ಪಂಕ್ತಿಯಲ್ಲಿ ಎಲ್ಲರಿಗೂ ಒಂದೊಂದು ಬದನೆ ಎಣ್ಣೆಗಾಯಿ ಬಡಿಸುತ್ತ ಬಂದ ನನ್ನ ಷಡ್ಡಕ, ನನ್ನ ಎಲೆಗೆ ಮೂರು ಹಾಕಿ, ಇದರಲ್ಲಿ ವೃತ್ತ ಯಾವುದು ಎಂದು ಬಲು ವಿನಯದಿಂದ ಕೇಳಿದರು. ಇಡೀ ಪಂಕ್ತಿ ಕೈ ತಡೆದು ಉತ್ತರಕ್ಕೆ ಕಾಯುತ್ತಿತ್ತು. ತರಬೇತಿಯಲ್ಲಿ ಪ್ರಥಮ ಬಂದ ಮಾಸ್ತರ ಒಂದು ಬದನೆಕಾಯಿಯನ್ನು ಇಡಿಯಾಗಿ ಬಾಯಿಗೆ ತುಂಬಿಕೊಂಡ!